ಹೊಯ್ಗೆಯ ಮೇಲೆ ಗಾಲಿ

ಮಂಗಳೂರಿಗೆ ಬಂದ ನೆಂಟರನ್ನು ಒಂದು ಸಂಜೆಯಾದರೂ ಕಡಲಕರೆಗೆ ಕರೆದೊಯ್ಯದೆ ಬೀಳ್ಕೊಡುವುದು ಈ ಊರಿನ ಗೃಹಸ್ಥರ ಪದ್ಧತಿಯಲ್ಲ. ಕದ್ರಿಯ ಮಂಜುನಾಥನ ದರ್ಶನವಾಯಿತು, ಮಂಗಳಾದೇವಿಯ ಗುಡಿಗೆ ಹೋಗಿ ಬಂದುದಾಯಿತು, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಚಿತ್ರಗಳನ್ನು ನೋಡಿದುದೂ ಆಯಿತು. ಆದರೂ ಅಲೆಯ ನೀರಿನಲ್ಲಿ ಕಾಲು ನೆನೆಸದಿದ್ದರೆ ಮಂಗಳೂರನ್ನು ಕಂಡೆವೆಂಬ ತೃಪ್ತಿಯು ಬಂದವರಿಗೆ ಉಂಟಾಗುವುದಿಲ್ಲ.

ಹೋದ ಪುಷ್ಯಮಾಸದಲ್ಲಿ ನನ್ನ ಸೋದರಳಿಯನು ಬೆಂಗಳೂರಿನಿಂದ ಹೆಂಡತಿಮಕ್ಕಳೊಡನೆ ನಮ್ಮ ಮನೆಗೆ ಬಂದಿದ್ದನು. ಅವನು ವಿದ್ಯಾವಂತನು, ಸದ್ಗುಣಿಯು, ಒಳ್ಳೆಯ ಉದ್ಯೋಗದಲ್ಲಿರುವವನು. ಅವನಿಗಿರುವ ಒಂದೇ ಹುಚ್ಚೆಂದರೆ ಮೋಟಾರಿನದು. ಈ ಸಲ ಅವನು ತಂದಿದ್ದುದು ಹೊಸದೊಂದು ಜೀಪು. ನಾಲ್ಕು ಗಾಲಿಗಳಿಗೂ ಎಂಜಿನಿನ ಬಲವು ಹಾಯುವಂತಹದು. ರಜೆಯ ದಿನಗಳಲ್ಲಿ ಸಂಗಡಿಗರೊಡನೆ ಕೂಡಿಕೊಂಡು ರಸ್ತೆಯಿಲ್ಲದ ಕಡೆಗಳಲ್ಲಿ, ಗುಡ್ಡ ಹಳ್ಳ ಕೆಸರುಗಳಲ್ಲಿ, ಇಂತಹ ವಾಹನಗಳನ್ನು ಓಡಿಸುವುದು ಈಗಿನ ಯುವಕರಲ್ಲಿ ಒಂದು ವಿನೋದವಾಗಿ ಬೆಳೆದಿರುವುದು. “ಮಾವ, ರಸ್ತೆಯ ಮೇಲೆ ಎಲ್ಲರೂ ಓಡಿಸುತ್ತಾರೆ. ನಿಮ್ಮೂರಿನ ಕಡಲ ಮರಳಿನ ಮೇಲೆ ಒಮ್ಮೆ ಓಡಿಸಿ ನೋಡಬೇಕೆಂದು ಆಸೆ” ಎಂದನು. ನಾನು ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೆ ಕಾರಣವುಂಟೆಂಬುದೇ ಆಗ ನನಗೆ ಹೊಳೆದಿರಲಿಲ್ಲ.

ಮಧ್ಯಾಹ್ನದ ಊಟವನ್ನು ಮುಗಿಸಿ ಮೂರು ಗಂಟೆಯ ಸುಮಾರಿಗೆ ಹೊರಟೆವು. ನಾನು, ನನ್ನ ಮನೆಯವಳು, ಅಳಿಯ, ಅವನ ಹೆಂಡತಿ, ಹದಿನೈದು ವಯಸ್ಸಿನ ಅವರ ಮಗ, ಎಂಟು ವಯಸ್ಸಿನ ಮಗಳು. ಕೂಳೂರಿನ ಸೇತುವೆಯ ಮೇಲೆ ಗುರುಪುರ ನದಿಯನ್ನು ದಾಟುವಾಗ ಎಡಗಡೆಗೆ ತಣ್ಣೀರುಬಾವಿಯ ಕಡೆಯ ಭೂಮಿಯು ಕಾಣಿಸುವುದು. ಒಂದು ಪಕ್ಕದಲ್ಲಿ ನದಿ, ಇನ್ನೊಂದು ಪಕ್ಕದಲ್ಲಿ ಸಮುದ್ರ, ನಡುವೆ ಹೊಯ್ಗೆಯ ಒಂದು ನೀಳವಾದ ಪಟ್ಟಿ. ಮರಳನ್ನು ನಮ್ಮ ಸೀಮೆಯವರು ಹೊಯ್ಗೆ ಎನ್ನುವರು. ನಗರದ ಹೊಯ್ಗೆಬಜಾರಿನ ಹೆಸರಿನಲ್ಲಿಯೂ ಇರುವುದು ಅದೇ ಶಬ್ದ. ಮುಂದಕ್ಕೆ ಪಣಂಬೂರು. ೧೯೭೪ರಲ್ಲಿ ಪ್ರಧಾನ ಬಂದರೆಂಬ ಪದವಿಯನ್ನು ಪಡೆದ ನವಮಂಗಳೂರು ಬಂದರವು ಇಲ್ಲಿಯದೇ. ಬಂದರದ ಮಗ್ಗುಲಿನ ಕಡಲಕರೆಯಲ್ಲಿ ಆದಿತ್ಯವಾರದ ಜನಸಂದಣಿಯು ಆಗಲೇ ನೆರೆದಿದ್ದಿತು. ಒಂಟೆಯ ಸವಾರಿ, ಚರುಮುರಿಯ ಗಾಡಿ, ಗಾಳಿಪಟ, ಮಕ್ಕಳ ಕೂಗು. “ಇಲ್ಲಿ ಜಾಗವಿಲ್ಲ, ಮಾವ, ಜನವಿಲ್ಲದ ಕಡೆಗೆ ಹೋಗೋಣ” ಎಂದು ಅಳಿಯನು ಬಡಗಣ ದಿಕ್ಕಿಗೇ ಓಡಿಸಿದನು. ಸುರತ್ಕಲ್ಲಿನ ದೀಪಸ್ತಂಭವು ಹಿಂದಾಯಿತು, ಮುಕ್ಕವು ಹಿಂದಾಯಿತು. ಕೊನೆಗೆ ತೆಂಗಿನ ತೋಟಗಳ ನಡುವೆ ಕಡಲಿಗಿಳಿಯುವ ಒಂದು ಓಣಿಯನ್ನು ಹಿಡಿದೆವು.

ಓಣಿಯು ಮುಗಿದಲ್ಲಿ ಸಮುದ್ರವು ಒಮ್ಮೆಲೇ ಎದುರು ನಿಂತಿತು. ಜನರ ಸುಳಿವಿಲ್ಲ. ಗಾಳಿಮರಗಳ ಸಾಲು, ಅದರ ಮುಂದೆ ಹೊಯ್ಗೆಯ ದಿಣ್ಣೆ, ದಿಣ್ಣೆಯ ಮೈತುಂಬ ಅಡುಂಬು ಬಳ್ಳಿ. ಅದರ ನೇರಿಳೆ ಬಣ್ಣದ ಹೂಗಳು ಬಿಸಿಲಿಗೆ ಬಾಡತೊಡಗಿದ್ದವು. ಅಲ್ಲಲ್ಲಿ ರಾವಣನ ಮೀಸೆಯೆಂಬ ಮುಳ್ಳುಹುಲ್ಲಿನ ಪೊದೆ. ನೋಡುವವರಿಗೆ ಇವು ಕೆಲಸಕ್ಕೆ ಬಾರದ ಕಳೆಗಳಾಗಿ ತೋರುವುವು. ಆದರೆ ಗಾಳಿಯು ಹೊತ್ತು ತರುವ ಹೊಯ್ಗೆಯನ್ನು ತಡೆದು ಹಿಡಿದು ದಿಣ್ಣೆ ಕಟ್ಟುವುದು ಇವುಗಳ ಬೇರಿನ ಕೆಲಸ. ಆಷಾಢದ ಅಲೆಗಳು ಮೇಲಕ್ಕೆ ನುಗ್ಗಿದಾಗ ಮೊದಲು ಹೊಡೆತ ತಿನ್ನುವುದು ಈ ದಿಣ್ಣೆ. ಅದು ಸವೆದುಹೋದರೆ ಅದರ ಹಿಂದಿನ ತೆಂಗು, ತೆಂಗಿನ ಹಿಂದಿನ ಮನೆ. ಉಳ್ಳಾಲದ ಕಡೆಯಲ್ಲಿ ಕಡಲ್ಕೊರೆತಕ್ಕೆ ಸಿಕ್ಕಿ ಮನೆಮಠಗಳನ್ನು ಕಳೆದುಕೊಂಡವರ ಪಾಡನ್ನು ಈ ಜಿಲ್ಲೆಯಲ್ಲಿ ಅರಿಯದವರಾರು?

ಅಳಿಯನು ಗಾಲಿಗಳ ಗಾಳಿಯನ್ನು ತುಸು ಇಳಿಸಿದನು. ಹಾಗೆ ಮಾಡಿದರೆ ಗಾಲಿಯು ಅಗಲವಾಗಿ ಹರಡಿಕೊಂಡು ಹೊಯ್ಗೆಯಲ್ಲಿ ಹೂಳುವುದಿಲ್ಲವಂತೆ. ಬಳಿಕ ದಿಣ್ಣೆಯ ಮೇಲಿನಿಂದಲೇ ಜೀಪನ್ನು ಇಳಿಸಿದನು. ಬಳ್ಳಿಗಳು ಹರಿದು ಗಾಲಿಗೆ ಸುತ್ತಿಕೊಂಡವು. ಕೆಳಗೆ ಒದ್ದೆಯ ಗಟ್ಟಿ ಹೊಯ್ಗೆಯ ಮೇಲೆ ವಾಹನವು ಬಾಣದಂತೆ ಓಡಿತು. ಒಂದು ಕಡೆಯಲ್ಲಿ ನೊರೆ ಚಿಮ್ಮುತ್ತಿದ್ದಿತು. ಮಕ್ಕಳು ಕೇಕೆ ಹಾಕುತ್ತಿದ್ದರು. ಸುಳ್ಳು ಹೇಳಲಾರೆ: ನನಗೂ ಆನಂದವಾಯಿತು. ಈ ವಯಸ್ಸಿನಲ್ಲಿಯೂ ಎದೆಯು ಹುಡುಗನಂತೆ ಹಾರಿತು. ಈ ವಿನೋದದಲ್ಲಿ ಸುಖವಿಲ್ಲವೆಂದು ಯಾರಾದರೂ ಬೋಧಿಸಿದರೆ ಅವರು ಅದನ್ನು ಮಾಡಿ ನೋಡಿದವರಲ್ಲ.

ಆಗ ಹುಡುಗನು “ಅಪ್ಪಾ, ಒಂದು ಸಲ ನನಗೆ ಕೊಡು. ಇಲ್ಲಿ ರಸ್ತೆಯೇ ಇಲ್ಲವಲ್ಲ, ಪೋಲೀಸರೂ ಇಲ್ಲ” ಎಂದು ಕಾಡತೊಡಗಿದನು. ತಂದೆಯು ನನ್ನ ಮುಖವನ್ನು ನೋಡಿದನು. ನಾನು ನಕ್ಕು ಸುಮ್ಮನಾದೆನು. ಹುಡುಗನು ಚುಕ್ಕಾಣಿಗೆ ಕುಳಿತನು.

ಎರಡು ಫರ್ಲಾಂಗು ಹೋಗಿರಬಹುದು. ಮುಂದೆ ಒಬ್ಬ ಮುದುಕನು ಎರಡು ಕೈಗಳನ್ನೂ ಎತ್ತಿ ಅಡ್ಡ ಓಡಿ ಬಂದನು. ಹುಡುಗನು ಗಾಬರಿಯಿಂದ ಬ್ರೇಕನ್ನು ಒತ್ತಿದನು. ಜೀಪು ಓರೆಯಾಗಿ ಜಾರಿ ನಿಂತಿತು. ಇಳಿದು ನೋಡಿದರೆ ಗಾಲಿಯಿಂದ ಒಂದು ಮಾರು ದೂರದಲ್ಲಿ ಹೊಯ್ಗೆಯ ಬಣ್ಣದ್ದೇ ಆದ ಬಲೆಯು ಉದ್ದಕ್ಕೆ ಹರವಿದ್ದಿತು. ಅದರ ಆಚೆಯ ಬದಿಯಲ್ಲಿ ಇಬ್ಬರು ಹೆಂಗಸರು ತಲೆ ಬಗ್ಗಿಸಿ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಅಲೆಯ ಸದ್ದಿನಲ್ಲಿ ಅವರಿಗೆ ಜೀಪಿನ ಸದ್ದು ಕೇಳಿಸಿರಲೇ ಇಲ್ಲ. ನನ್ನ ಮನೆಯವಳು ಎದೆಯ ಮೇಲೆ ಕೈಯಿಟ್ಟು ಅಲ್ಲಿಯೇ ಕುಳಿತುಬಿಟ್ಟಳು.

ಕಷ್ಟವು ಒಂದೇ ಬರುವುದಿಲ್ಲ. ನಾಚಿಕೆಯಿಂದ ಬೇಗನೆ ತಿರುಗಿಸಿಕೊಂಡು ಹೋಗಬೇಕೆಂದು ಅಳಿಯನು ಜೀಪನ್ನು ನೀರಿನ ಅಂಚಿಗೆ ಒಯ್ದನು. ಅಲ್ಲಿಯ ಹೊಯ್ಗೆಯು ಮೇಲೆ ಗಟ್ಟಿಯಾಗಿ ತೋರಿದರೂ ಒಳಗೆ ಮೆತ್ತಗಿದ್ದಿತು. ಹಿಂದಿನ ಗಾಲಿಗಳು ಹೂತವು. ಎಂಜಿನಿಗೆ ವೇಗ ಕೊಟ್ಟಷ್ಟೂ ಗಾಲಿಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ನೀರು ಏರುವ ಹೊತ್ತು ಬೇರೆ. ಅರ್ಧ ಗಳಿಗೆಯಲ್ಲಿ ಅಲೆಯ ನಾಲಗೆಯು ಬಾಗಿಲಿನ ಕೆಳಗಿನವರೆಗೆ ಬಂದಿತು. ಬೆಂಗಳೂರಿನಿಂದ ತಂದ ಲಕ್ಷಾಂತರ ರೂಪಾಯಿಯ ಶಕ್ತಿಯೆಲ್ಲ ಉಪ್ಪುನೀರಿನ ಮುಂದೆ ತಲೆ ತಗ್ಗಿಸಿ ನಿಂತಿತು.

ಮುದುಕನು ಒಂದು ಮಾತನ್ನೂ ಆಡದೆ ದಿಣ್ಣೆಯ ಕಡೆಗೆ ತಿರುಗಿ ಕೂಗಿದನು. ಮನೆಗಳಿಂದ ಹತ್ತು ಹನ್ನೆರಡು ಮಂದಿ ಬಂದರು. ಗಾಲಿಯ ಕೆಳಗೆ ತೆಂಗಿನ ಮಡಲನ್ನು ಹಾಸಿದರು. ದೋಣಿಯ ಹಗ್ಗವನ್ನು ಬಿಗಿದರು. ಬಲೆಯೆಳೆಯುವವರಂತೆಯೇ ಸಾಲಾಗಿ ನಿಂತು “ಐಲೇಸಾ” ಎಂದು ಒಂದೇ ದನಿಯಲ್ಲಿ ಎಳೆದರು. ನಾಲ್ಕನೆಯ ಎಳೆತಕ್ಕೆ ಜೀಪು ಮೇಲೆ ಬಂದಿತು. ಅಳಿಯನು ಹಣದ ಚೀಲಕ್ಕೆ ಕೈ ಹಾಕಿದಾಗ ಮುದುಕನು ತಡೆದನು. ತುಳುವಿನಲ್ಲಿ ಅವನು ಹೇಳಿದ ಮಾತಿನ ತಾತ್ಪರ್ಯವಿಷ್ಟು: “ಹಣ ಬೇಡ ಮಾರಾಯ್ರೇ. ಕಡಲಿನಲ್ಲಿ ಸಿಕ್ಕಿಬಿದ್ದವರನ್ನು ಎಳೆಯುವುದಕ್ಕೆ ನಾವು ಹಣ ತೆಗೆದುಕೊಳ್ಳುವುದಿಲ್ಲ. ಒಂದು ಗಳಿಗೆ ನನ್ನ ಸಂಗಡ ನಡೆದು ಬನ್ನಿ.”

ಅವನು ನಮ್ಮನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕರೆದೊಯ್ದನು. ನಮ್ಮ ಗಾಲಿಯ ಗೆರೆಗಳು ಗೇಣುದ್ದ ಆಳಕ್ಕೆ ಬಿದ್ದಿದ್ದವು. ದಿಣ್ಣೆಯ ಬುಡದಲ್ಲಿ, ಆ ಗೆರೆಗಳಿಂದ ಹತ್ತು ಹೆಜ್ಜೆಯಾಚೆ, ನಾಲ್ಕು ಕೋಲುಗಳನ್ನು ನೆಟ್ಟು ಸುತ್ತಲೂ ಬಲೆಯನ್ನು ಕಟ್ಟಿದ್ದಿತು. ಓಟದ ಹುಮ್ಮಸ್ಸಿನಲ್ಲಿ ನಮ್ಮಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. “ಏನಜ್ಜ ಇದು?” ಎಂದು ಚಿಕ್ಕವಳು ಕೇಳಿದಳು. “ಕಡಲಾಮೆಯ ಮೊಟ್ಟೆ, ಮಗಾ. ರಾತ್ರಿಯಲ್ಲಿ ತಾಯಿ ಬಂದು ಇಟ್ಟು ಹೋಗಿದ್ದಾಳೆ. ನಾವು ಅರಣ್ಯದವರಿಗೆ ತಿಳಿಸಿದೆವು, ಅವರು ಬೇಲಿ ಕಟ್ಟಿದರು, ನಾವು ಕಾಯುತ್ತೇವೆ” ಎಂದನು. ಹುಡುಗಿಯು ಗಾಲಿಯ ಗೆರೆಯನ್ನೂ ಬೇಲಿಯನ್ನೂ ಒಂದಾದ ಮೇಲೊಂದರಂತೆ ನೋಡಿದಳು. ಯಾರೂ ಮಾತಾಡಲಿಲ್ಲ.

ಆಲಿವ್ ರಿಡ್ಲೆ ಎಂಬ ಜಾತಿಯ ಈ ಆಮೆಗಳು ೨೦೨೪ರ ಆರಂಭದಲ್ಲಿ ಸಸಿಹಿತ್ಲುವಿನ ತೀರದಲ್ಲಿ ಮೊಟ್ಟೆಯಿಟ್ಟುದು ಈ ಜಿಲ್ಲೆಯಲ್ಲಿ ದೊಡ್ಡ ಸುದ್ದಿಯಾಗಿದ್ದಿತು. ತಾಯಿಯು ಇರುಳಿನಲ್ಲಿ ಕರೆಗೇರಿ, ಒಂದೂವರೆ ಅಡಿಯಷ್ಟು ಆಳದ ಗುಳಿಯನ್ನು ತೋಡಿ, ನೂರಕ್ಕೆ ಹೆಚ್ಚುಕಡಮೆಯಾಗಿ ಮೊಟ್ಟೆಗಳನ್ನಿಟ್ಟು, ಹೊಯ್ಗೆಯನ್ನು ಮುಚ್ಚಿ ಹಿಂದಿರುಗುವುದು. ಕಾವು ಕೊಡುವುದು ಹೊಯ್ಗೆಯೇ. ನಲವತ್ತೈದರಿಂದ ಅರವತ್ತು ದಿನಗಳಲ್ಲಿ ಮರಿಗಳು ಒಡೆದು ಹೊರಬಂದು ನೀರಿನ ಕಡೆಗೆ ತೆವಳುವುವು. ಮೇಲೆ ಗಾಲಿ ಹಾದರೆ ಹೊಯ್ಗೆಯು ಬಿಗಿದು ಮರಿಗಳಿಗೆ ಮೇಲೆ ಬರುವುದು ಕಷ್ಟವಾಗುವುದು. ಬಂದವೂ ಗಾಲಿಯ ಗೆರೆಯೊಳಗೆ ಬಿದ್ದರೆ ಅದರ ಗೋಡೆಯನ್ನು ಹತ್ತಲಾರದೆ ಅಲ್ಲಿಯೇ ಅಲೆದು ಕಾಗೆಗೋ ನಾಯಿಗೋ ಬಿಸಿಲಿಗೋ ತುತ್ತಾಗುವುವು. ನಮಗೆ ಅದು ಗೇಣುದ್ದದ ಗೆರೆ. ಎರಡು ಬೆರಳಿನಗಲದ ಮರಿಗೆ ಅದು ಕಂದಕ.

ಅಂದು ರಾತ್ರಿ ಊಟದ ಮೇಲೆ ಅಳಿಯನೂ ನಾನೂ ಜಗಲಿಯಲ್ಲಿ ಕುಳಿತಾಗ ಅವನೇ ಮಾತನ್ನೆತ್ತಿದನು. “ಮಾವ, ಇದಕ್ಕೊಂದು ಕಾನೂನಿಲ್ಲವೆ? ಇದ್ದಿದ್ದರೆ ಅಲ್ಲೊಂದು ಹಲಗೆಯಾದರೂ ಇರುತ್ತಿತ್ತಲ್ಲ.” ಆ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ಕೆಲವು ವಾರಗಳಲ್ಲಿ ಪುಸ್ತಕಗಳನ್ನು ತಿರುವಿ, ತಿಳಿದ ವಕೀಲಮಿತ್ರರನ್ನು ಕೇಳಿ ಗ್ರಹಿಸಿದುದನ್ನು ವಾಚಕರ ಮುಂದಿಡುತ್ತೇನೆ.

ವಿನೋದಕ್ಕಾಗಿ ರಸ್ತೆ ಬಿಟ್ಟು ಓಡಿಸುವ ವಾಹನಗಳಿಗೆಂದೇ ಪ್ರತ್ಯೇಕವಾದ ಕಾನೂನು ನಮ್ಮ ರಾಜ್ಯದಲ್ಲಿಲ್ಲ. ಆದರೆ ಕಾನೂನೇ ಇಲ್ಲವೆಂದು ತಿಳಿಯುವುದು ಭ್ರಮೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮವು ‘ಸಾರ್ವಜನಿಕ ಸ್ಥಳ’ವೆಂದರೆ ರಸ್ತೆ ಮಾತ್ರವೆಂದು ಹೇಳುವುದಿಲ್ಲ, ಹಾದಿಯಾಗಿರಲಿ ಆಗದಿರಲಿ, ಸಾರ್ವಜನಿಕರಿಗೆ ಪ್ರವೇಶಿಸುವ ಹಕ್ಕುಳ್ಳ ಯಾವ ಸ್ಥಳವೂ ಸಾರ್ವಜನಿಕ ಸ್ಥಳವೇ ಎನ್ನುವುದು. ಎಂದಮೇಲೆ ಎಲ್ಲರೂ ನಡೆದಾಡುವ ಕಡಲಕರೆಯೂ ಅದರೊಳಗೆ ಬಂದಿತು. ಅಲ್ಲಿಯೂ ಲೈಸೆನ್ಸು ಬೇಕು, ನೋಂದಣಿ ಬೇಕು, ವಿಮೆ ಬೇಕು. ಅದೇ ಅಧಿನಿಯಮದ ೧೮೯ನೆಯ ಕಲಮಿನಂತೆ, ರಾಜ್ಯಸರಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಪಂದ್ಯವನ್ನಾಗಲಿ ವೇಗದ ಪರೀಕ್ಷೆಯನ್ನಾಗಲಿ ನಡೆಸುವುದು ಶಿಕ್ಷಾರ್ಹವು.

ನನ್ನ ಎದೆಯನ್ನು ನಡುಗಿಸಿದುದು ಇನ್ನೊಂದು ಕಲಮು. ೨೦೧೯ರ ತಿದ್ದುಪಡಿಯಿಂದ ಸೇರಿದ ೧೯೯-ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಕನು ವಾಹನದಿಂದ ಅಪರಾಧವೆಸಗಿದರೆ ಹೊಣೆಯು ತಂದೆಯ ಅಥವಾ ಪೋಷಕನ ಮೇಲೂ ವಾಹನದ ಒಡೆಯನ ಮೇಲೂ ಬೀಳುವುದು: ಮೂರು ವರ್ಷಗಳವರೆಗೆ ಸಜೆ, ೨೫,೦೦೦ ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿಯ ರದ್ದು, ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. “ರಸ್ತೆಯೇ ಇಲ್ಲವಲ್ಲ” ಎಂದ ಹುಡುಗನ ಮಾತಿಗೆ ನಾನು ನಕ್ಕು ಸುಮ್ಮನಾದುದು ಎಂತಹ ನಗೆಯೆಂಬುದು ಆಗ ತಿಳಿಯಿತು. ಆದರೂ ಸಜೆಯ ಭಯಕ್ಕಿಂತ, ಬಲೆ ಹೆಣೆಯುತ್ತಿದ್ದ ಆ ಇಬ್ಬರು ಹೆಂಗಸರ ಬಗ್ಗಿದ ತಲೆಗಳೇ ಇಂದಿಗೂ ನನ್ನ ಕಣ್ಣಿಗೆ ಕಟ್ಟಿರುವುವು.

ಹೊಯ್ಗೆಯ ದಿಣ್ಣೆಗೂ ಕಾನೂನಿನ ಕಾವಲುಂಟು. ಕೇಂದ್ರಸರಕಾರವು ಕರಾವಳಿಯ ರಕ್ಷಣೆಗಾಗಿ ೧೯೯೧ರಲ್ಲಿ ಮೊದಲ ಅಧಿಸೂಚನೆಯನ್ನು ಹೊರಡಿಸಿತು. ಬಳಿಕ ೨೦೧೧ರಲ್ಲಿಯೂ ೨೦೧೯ರಲ್ಲಿಯೂ ಅದನ್ನು ಹೊಸದಾಗಿ ರಚಿಸಿತು. ಮರಳದಿಣ್ಣೆಗಳನ್ನು ಕಡಿದು ಮಟ್ಟಮಾಡುವುದನ್ನೂ ರೂಪಗೆಡಿಸುವುದನ್ನೂ ಅದು ನಿಷೇಧಿಸಿದೆ. ದಿಣ್ಣೆಗಳನ್ನೂ ಆಮೆಗಳು ಮೊಟ್ಟೆಯಿಡುವ ನೆಲೆಗಳನ್ನೂ ಅತ್ಯಂತ ಸೂಕ್ಷ್ಮವಾದ ವರ್ಗದಲ್ಲಿ ಸೇರಿಸಿದೆ. ಇನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ‘ಬೇಟೆ’ ಎಂಬ ಮಾತಿಗೆ ಕೊಡುವ ಅರ್ಥವನ್ನು ಕೇಳಿದರೆ ಸಾಮಾನ್ಯರು ಬೆರಗಾಗುವರು. ಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಯನ್ನು ಹಾಳುಮಾಡುವುದು ಮಾತ್ರವಲ್ಲ, ಮೊಟ್ಟೆಗೂಡುಗಳನ್ನು ಕೆದಕುವುದೂ ಬೇಟೆಯೇ. ಆಲಿವ್ ರಿಡ್ಲೆಯು ಒಂದನೆಯ ಅನುಸೂಚಿಗೆ ಸೇರಿದುದರಿಂದ ಅದನ್ನು ಬೇಟೆಯಾಡಿದವರಿಗೆ ಶಿಕ್ಷೆಯು ಮೂರು ವರ್ಷಕ್ಕೆ ಕಡಮೆಯಿಲ್ಲ. ಕೋವಿಯನ್ನು ಕೈಯಲ್ಲಿ ಹಿಡಿಯದವನೂ ಗಾಲಿಯಿಂದ ಬೇಟೆಗಾರನಾಗಬಹುದು.

ಕಡಲು ಬಿಟ್ಟು ಘಟ್ಟಕ್ಕೆ ಹೋದರೂ ಇದೇ ಕಥೆ. ಮಂಗಳೂರಿನಿಂದ ಚಾರ್ಮಾಡಿಯ ದಾರಿಯಲ್ಲಿಯೋ ಕುದುರೆಮುಖದ ದಾರಿಯಲ್ಲಿಯೋ ಮೇಲೇರುವ ಜೀಪಿನವರಿಗೆ ಹಸುರು ಹುಲ್ಲಿನ ಬೋಳುಗುಡ್ಡವು ಯಾರ ಸೊತ್ತೂ ಅಲ್ಲದಂತೆ ತೋರುವುದು. ಆದರೆ ೧೯೬೩ರ ಕರ್ನಾಟಕ ಅರಣ್ಯ ಅಧಿನಿಯಮವು ಕಾದಿಟ್ಟ ಅರಣ್ಯದೊಳಗೆ ಅತಿಕ್ರಮಿಸುವುದನ್ನು ಅಪರಾಧವೆನ್ನುವುದು. ರಾಷ್ಟ್ರೀಯ ಉದ್ಯಾನದೊಳಗಂತೂ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ಕಾಫಿತೋಟದ ಒಡೆಯನು ಒಪ್ಪಿಗೆ ಕೊಟ್ಟು ತನ್ನ ತೋಟದ ಹಾದಿಗಳಲ್ಲಿ ನಿಯಮಬದ್ಧವಾದ ರ‍್ಯಾಲಿಯನ್ನು ನಡೆಸಿದರೆ ಅದು ಬೇರೆಯ ಮಾತು.

ಬೇರೆ ಕಡೆಯವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರು? ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು ೧೯೭೧ರಲ್ಲಿಯೇ ಇಂತಹ ವಾಹನಗಳಿಗಾಗಿ ಪ್ರತ್ಯೇಕ ಕಾನೂನನ್ನು ಮಾಡಿ, ಅವುಗಳಿಗೆ ಗುರುತಿನ ಚೀಟಿಯನ್ನು ಕೊಟ್ಟು, ಬಂದ ಶುಲ್ಕದಿಂದ ಅವಕ್ಕೆಂದೇ ಬಯಲುಗಳನ್ನು ಏರ್ಪಡಿಸಿತು. ೧೯೭೨ರಲ್ಲಿ ಆ ದೇಶದ ಅಧ್ಯಕ್ಷ ನಿಕ್ಸನ್ನರು, ಸರಕಾರದ ಭೂಮಿಗಳಲ್ಲಿ ವಾಹನ ಹೋಗಬಹುದಾದ ಕಡೆ ಯಾವುದು, ಹೋಗಕೂಡದ ಕಡೆ ಯಾವುದು ಎಂಬುದನ್ನು ಗುರುತಿಸಿ ಜನರಿಗೆ ತಿಳಿಸಬೇಕೆಂದು ಆಜ್ಞೆ ಹೊರಡಿಸಿದರು. ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ನೆರೆಯ ಗೋವೆಯಲ್ಲಿ ಪ್ರವಾಸೋದ್ಯಮ ಇಲಾಖೆಯು ೨೦೨೨ರಲ್ಲಿ ಕಡಲಕರೆಯ ಮೇಲೆ ವಾಹನ ಓಡಿಸುವುದನ್ನು ನಿಷೇಧಿಸಿ, ತಪ್ಪಿದವರಿಗೆ ೫,೦೦೦ದಿಂದ ೫೦,೦೦೦ ರೂಪಾಯಿಯವರೆಗೆ ದಂಡವನ್ನು ಗೊತ್ತುಮಾಡಿತು. ಇನ್ನೊಂದು ನೆರೆಯಾದ ಕೇರಳದಲ್ಲಿ, ಕಣ್ಣೂರಿಗೂ ತಲಶ್ಶೇರಿಗೂ ನಡುವಣ ಮುಳಪ್ಪಿಲಂಗಾಡಿನ ಸುಮಾರು ನಾಲ್ಕು ಕಿಲೋಮೀಟರು ಉದ್ದದ ಗಟ್ಟಿ ಹೊಯ್ಗೆಯು ವಾಹನ ಓಡಿಸುವುದಕ್ಕೆಂದೇ ಬಹುಕಾಲದಿಂದ ಪ್ರಸಿದ್ಧವಾಗಿದೆ. ಮಂಗಳೂರಿನ ಬಡಗಣ ಪಡುಬಿದ್ರಿಯ ತೀರವು ೨೦೨೦ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು. ಅಪ್ಪಣೆಯಿಲ್ಲದ ವಾಹನಗಳನ್ನು ಕಡಲಕರೆಗೆ ಬಿಡಕೂಡದೆಂಬುದು ಆ ಬಾವುಟದ ಕಟ್ಟಳೆಗಳಲ್ಲೊಂದು. ಒಂದೇ ಕಡಲಿನ ಉದ್ದಕ್ಕೆ ಇಲ್ಲಿ ಓಡಿಸು, ಅಲ್ಲಿ ಬೇಡ ಎಂದು ಹೇಳಲು ಸಾಧ್ಯವಿದೆಯೆಂಬುದಕ್ಕೆ ಇವೇ ಸಾಕ್ಷಿ.

ನಮ್ಮ ಕೊರತೆಯು ಕಾನೂನಿನದಲ್ಲ, ಹೇಳಿಕೆಯದು. ನಾಲ್ಕು ಅಧಿನಿಯಮಗಳಲ್ಲಿ ಚದರಿಹೋದ ಕಟ್ಟಳೆಯನ್ನು ಪ್ರವಾಸಿಯು ಓಣಿಯ ತುದಿಯಲ್ಲಿ ನಿಂತು ಓದಲಾರನು. ಮೋಟಾರು ವಾಹನಗಳ ಅಧಿನಿಯಮದ ೧೧೫ನೆಯ ಕಲಮು, ಸಾರ್ವಜನಿಕರ ಕ್ಷೇಮಕ್ಕಾಗಿ ಗೊತ್ತಾದ ಪ್ರದೇಶದಲ್ಲಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು ರಾಜ್ಯಸರಕಾರಕ್ಕೂ ಅದು ನೇಮಿಸಿದ ಅಧಿಕಾರಿಗಳಿಗೂ ಈಗಾಗಲೇ ಕೊಟ್ಟಿರುವುದು. ಕಡಲಿಗಿಳಿಯುವ ಪ್ರತಿಯೊಂದು ಓಣಿಯ ಬಾಯಿಯಲ್ಲಿ ಒಂದು ಕಲ್ಲುಕಂಬ, ಕನ್ನಡದಲ್ಲಿ ಎರಡು ಸಾಲಿನ ಹಲಗೆ, ಇಷ್ಟಾದರೆ ಅರ್ಧ ಕೆಲಸವಾಯಿತು. ಉಳಿದರ್ಧಕ್ಕೆ, ಈ ವಿನೋದವನ್ನು ಬಯಸುವವರಿಗೆ ಮೊಟ್ಟೆಯೂ ಬಲೆಯೂ ಇಲ್ಲದ ಒಂದು ಬಯಲನ್ನು ತೋರಿಸಿಕೊಡಬೇಕು. ಬೇಡವೆಂದು ಮಾತ್ರ ಹೇಳಿ ಎಲ್ಲಿ ಬೇಕೆಂಬುದನ್ನು ಹೇಳದಿದ್ದರೆ ಯೌವನವು ಕೇಳುವುದಿಲ್ಲ.

ಕಟ್ಟಳೆಯೆಂದರೆ ಸಂಕೋಲೆಯೆಂದು ಬಗೆಯುವವರು ಕಡಲಿನ ಮಕ್ಕಳನ್ನು ನೋಡಬೇಕು. ಹಿಂದೆ ಈ ತೀರದಲ್ಲಿ ಹತ್ತಾರು ಮಂದಿ ಎರಡು ಬದಿಯಿಂದ ಹಿಡಿದೆಳೆಯುವ ರಂಪಣಿಯ ದೊಡ್ಡ ಬಲೆಯಿದ್ದಿತು. ೧೯೭೦ರ ದಶಕದಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆಯು ಬಂದ ಮೇಲೆ ಅದು ಕ್ಷೀಣಿಸಿ ಈಗ ಚಿಕ್ಕದಾದ ಕೈರಂಪಣಿಯು ಉಳಿದಿರುವುದು. ಹೊಸ ಯಂತ್ರವು ಹಳೆಯ ಬದುಕಿಗೆ ಏನು ಮಾಡುವುದೆಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ೧೯೮೬ರ ರಾಜ್ಯದ ಮೀನುಗಾರಿಕೆಯ ಕಾನೂನು ಬಂದಿತು. ಈಗ ವರ್ಷವರ್ಷವೂ ಜೂನ್ ಒಂದರಿಂದ ಜುಲೈ ಕೊನೆಯವರೆಗೆ, ಅರವತ್ತೊಂದು ದಿನ, ಮೀನು ಮರಿಯಿಡಲೆಂದು ಯಂತ್ರದೋಣಿಗಳು ಬಂದರದಲ್ಲಿ ಸುಮ್ಮನಿರುವುವು. ಹೊಟ್ಟೆಯ ಪಾಡಿಗಾಗಿ ಕಡಲಿಗಿಳಿಯುವವರು ಎರಡು ತಿಂಗಳು ಕೈಕಟ್ಟಿ ಕುಳಿತಿರುವಾಗ, ಒಂದು ಸಂಜೆಯ ಸಂತೋಷಕ್ಕಾಗಿ ಬಂದವರು ಆಮೆಯ ಮೊಟ್ಟೆಗಾಗಿ ತಮ್ಮ ಗಾಲಿಯನ್ನು ದಿಣ್ಣೆಯ ಆಚೆಯಲ್ಲಿಯೇ ನಿಲ್ಲಿಸಲಾರರೆ?

ಸರಕಾರದ ಹಲಗೆಯು ಬರುವಾಗ ಬರಲಿ. ಜೀಪಿನ ಬೀಗದ ಕೈಯು ಮನೆಯ ಗೂಟದಲ್ಲಿಯೇ ತೂಗುತ್ತಿರುವುದು. ಅದನ್ನು ಯಾರ ಕೈಗೆ, ಯಾವ ನೆಲಕ್ಕಾಗಿ ಕೊಡಬೇಕೆಂಬುದು ಮನೆಯ ಹಿರಿಯರ ವಿವೇಕಕ್ಕೆ ಸೇರಿದ ಸಂಗತಿ. ನಾನು ಅಂದು ನಗದೆ ಬೇಡವೆಂದಿದ್ದರೆ ಸಾಕಾಗಿದ್ದಿತು.

ಬೆಂಗಳೂರಿಗೆ ಹೊರಡುವ ಮುನ್ನಾದಿನ ಅಳಿಯನು ಮಕ್ಕಳನ್ನು ಕರೆದುಕೊಂಡು ಮತ್ತೊಮ್ಮೆ ಅಲ್ಲಿಗೆ ಹೋದನು, ನಾನೂ ಜೊತೆಗಿದ್ದೆನು. ಜೀಪನ್ನು ಓಣಿಯ ಮೇಲುಗಡೆಯಲ್ಲಿ, ತೆಂಗಿನ ನೆರಳಿನಲ್ಲಿಯೇ ನಿಲ್ಲಿಸಿ ನಡೆದೆವು. ನೀರಿನ ಅಂಚಿನ ಗೆರೆಗಳನ್ನು ಅಲೆಗಳು ಅಳಿಸಿಬಿಟ್ಟಿದ್ದವು. ದಿಣ್ಣೆಯ ಮೇಲಿನ ಗೆರೆಗಳು ಮಾತ್ರ ಹಾಗೆಯೇ ಇದ್ದವು, ಹರಿದ ಬಳ್ಳಿಯು ಒಣಗಿ ಕಪ್ಪಾಗಿದ್ದಿತು. ಹುಡುಗನು ಯಾರೂ ಹೇಳದೆಯೇ ಬಗ್ಗಿ, ಬೇಲಿಯ ಮುಂದಿನ ಗೆರೆಯನ್ನು ಎರಡು ಕೈಗಳಿಂದಲೂ ಹೊಯ್ಗೆ ಎಳೆದು ಮುಚ್ಚತೊಡಗಿದನು. ತಂಗಿಯು ಜೊತೆಗೂಡಿದಳು. ಮುದುಕನು ದೂರದಲ್ಲಿ ಬಲೆಯ ಬಳಿ ಕುಳಿತು ಇದನ್ನು ನೋಡುತ್ತಿದ್ದನು. ನಮ್ಮನ್ನು ಗುರುತಿಸಿ ಕೈಯೆತ್ತಿದನು. ಈ ಸಲ ಅದು ತಡೆಯುವ ಕೈಯಾಗಿರಲಿಲ್ಲ.